ರೌಟರ್ ಆಫ್ ಮಾಡಿ ಆನ್ ಮಾಡಿದ್ರಾ?

ಇಂಟರ್ನೆಟ್ ಬರ್ತಾ ಇಲ್ಲ ಅಂತ ಕಸ್ಟಮರ್ ಕೇರಿಗೆ ಫೋನ್ ಮಾಡಿದವರಿಗೆಲ್ಲ ಈ ಮಾತು ಬಾಯಿಪಾಠ ಆಗಿರುತ್ತೆ. "ಸರ್, ಒಂದ್ಸಲ ರೌಟರ್ ಆಫ್ ಮಾಡಿ ಆನ್ ಮಾಡಿ." ಅಡಿಕೆ ಮರ ಮುರಿದು ಕೇಬಲ್ಲಿನ ಮೇಲೆ ಬಿದ್ದು, ಅದರ ತುಂಡು ಅಂಗಳದಲ್ಲಿ ಹಾವಿನ ಹಾಗೆ ಮಲಗಿದ್ದರೂ ಇದೇ ಮಾತು. ಜ್ವರ ಅಂತ ಹೋದರೂ ಹಲ್ಲುನೋವು ಅಂತ ಹೋದರೂ ಒಂದೇ ಗುಳಿಗೆ ಕೊಡುವ ಡಾಕ್ಟರ ಹಾಗೆ.

ಆ ಗುಳಿಗೆಯ ಮೇಲೆ ನನಗೇನೂ ಸಿಟ್ಟಿಲ್ಲ. ಕೆಲವು ರೋಗಕ್ಕೆ ಅದು ನಿಜಕ್ಕೂ ಮದ್ದು, ಆ ವಿಷಯಕ್ಕೆ ಆಮೇಲೆ ಬರ್ತೀನಿ. ತಕರಾರು ಇರೋದು ಏನಂದ್ರೆ, ಇದೊಂದನ್ನ ಮಾತ್ರ ಊರಿಗೆಲ್ಲ ಕಲಿಸಿಬಿಟ್ಟಿದ್ದಾರೆ. ಡಬ್ಬದ ಮೇಲೆ ಸಾಲಾಗಿ ಉರಿಯುವ ಲೈಟುಗಳು ಏನು ಹೇಳ್ತಾ ಇವೆ ಅಂತ ನೋಡೋದನ್ನ ಯಾರೂ ಯಾರಿಗೂ ಕಲಿಸಲಿಲ್ಲ. ಕನ್ನಡದಲ್ಲಂತೂ ಇಲ್ಲವೇ ಇಲ್ಲ. ಇದರಿಂದ ನಮ್ಮ ಶಿಕಾರಿಪುರ, ಸೊರಬದಂಥ ಕಡೆ ಆಗುವ ತೊಂದರೆ ಬೆಂಗಳೂರಲ್ಲಿ ಕೂತವರಿಗೆ ಅಷ್ಟು ಸುಲಭಕ್ಕೆ ಅರ್ಥ ಆಗಲ್ಲ, ಅದಕ್ಕೇ ಬರೀತಾ ಇದೀನಿ.

ಅಪ್ಪ ಅಮ್ಮ ಇರೋದು ಸೊರಬ ತಾಲೂಕಿನಲ್ಲಿ, ಆನವಟ್ಟಿ ಕಡೆಯ ಒಂದು ಹಳ್ಳಿ. ಅಕ್ಕನ ಮನೆ ಶಿಕಾರಿಪುರ ಪೇಟೆಯೊಳಗೆ. ನಾನು ಬೆಂಗಳೂರು. ಎರಡೂ ಮನೆಯ ರೌಟರಿಗೆ ನಾನೇ ಫ್ಯಾಮಿಲಿ ಡಾಕ್ಟ್ರು :-) ಇದನ್ನ ಓದ್ತಾ ಇರೋ ನಿಮ್ಮಲ್ಲೂ ಅರ್ಧ ಜನ ಇದೇ ಉದ್ಯೋಗದಲ್ಲಿ ಇರ್ತೀರಿ ಅಂತ ನನಗೆ ಗೊತ್ತು.

ಊರಿನ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಕಣದ ಆ ಕಡೆ ತುದಿಗೆ, ದಣಪೆ ದಾಟಿ ಹತ್ತು ಹೆಜ್ಜೆ ಹೋದರೆ ಒಂದೆರಡು ಕಡ್ಡಿ ಸಿಗುತ್ತೆ. ಮನೆಯೊಳಗೆ ಸೊನ್ನೆ. 2019ರ ಕೊನೆಗೆ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ವೈಫೈ ಕಾಲಿಂಗ್ ಶುರು ಮಾಡಿದ ಮೇಲೆ ಇಂಥ ಮನೆಗಳಿಗೆ ಒಂದು ದಾರಿ ಆಯ್ತು. ಟವರ್ ಇಲ್ಲದಿದ್ದರೂ ಮನೆಯ ವೈಫೈ ಮೇಲೇ ಮಾಮೂಲಿ ಫೋನ್ ಬರುತ್ತೆ, ಹೋಗುತ್ತೆ. ಅಮ್ಮನಿಗೆ ಇಂಟರ್ನೆಟ್ ಅಂದ್ರೆ ಯೂಟ್ಯೂಬ್ ಅಲ್ಲ ಮಾರಾಯ್ರೇ, ಫೋನು. ನೆಟ್ ಹೋಯ್ತು ಅಂದ್ರೆ ಮನೆಯ ಫೋನೇ ಹೋದ ಹಾಗೆ. ರಾತ್ರಿ ಅಪ್ಪನಿಗೆ ಎದೆ ಹಿಡಿದುಕೊಂಡಿತು, ಪಕ್ಕದೂರಿನ ಆಟೋದವನಿಗೆ ಫೋನ್ ಮಾಡಬೇಕು ಅಂದ್ರೆ ಟಾರ್ಚು ಹಿಡಕೊಂಡು ಕಣಕ್ಕೆ ಓಡಬೇಕು. ಮಳೆಗಾಲದಲ್ಲಿ ಅದನ್ನ ಊಹಿಸಿಕೊಳ್ಳಿ.

ಹಳೇ ಲ್ಯಾಂಡ್‌ಲೈನಿಗೆ ಈ ಕಷ್ಟ ಇರಲಿಲ್ಲ ಅನ್ನೋದನ್ನ ನಾವೆಲ್ಲ ಮರೆತೇ ಬಿಟ್ಟಿದ್ದೀವಿ. ಅದರ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಕರೆಂಟು ತಾನಾಗೇ ಬರ್ತಿತ್ತು. ಊರಿಗೆ ಊರೇ ಕತ್ತಲಾದರೂ ಫೋನ್ ಎತ್ತಿದರೆ ಡಯಲ್ ಟೋನ್ ಇರ್ತಿತ್ತು. ಈಗಿನ ಫೈಬರಿನಲ್ಲಿ ಬರೋದು ಬೆಳಕು, ಕರೆಂಟಲ್ಲ. ಮನೆಯ ಡಬ್ಬಕ್ಕೆ ಮನೆಯ ಕರೆಂಟೇ ಬೇಕು. ಕರೆಂಟು ಹೋದ ಕೂಡಲೇ ಡಬ್ಬ ಸತ್ತಿತು, ಡಬ್ಬಕ್ಕೆ ಸಿಕ್ಕಿಸಿದ ಲ್ಯಾಂಡ್‌ಲೈನೂ ಸತ್ತಿತು, ವೈಫೈ ಕಾಲಿಂಗೂ ಸತ್ತಿತು. ಸ್ಪೀಡು ನೂರು ಪಟ್ಟು ಹೆಚ್ಚಾಯ್ತು, ಒಪ್ಪಿದೆ. ಆದರೆ ಕತ್ತಲಲ್ಲಿ ಕೆಲಸ ಮಾಡುವ ಒಂದೇ ಒಂದು ವಸ್ತು ಮನೆಯಿಂದ ಹೋಯ್ತು.

ಇನ್ನು ನನ್ನ ಡಾಕ್ಟರಿಕೆಯ ಪಾಡು ಕೇಳಿ. ರೌಟರ್ ಇರೋದು ಜಗಲಿಯಲ್ಲಿ. ಅದು ಕೆಟ್ಟಾಗ ಅಮ್ಮನ ಫೋನಿಗೆ ಸಿಗ್ನಲ್ ಸಿಗೋದು ಕಣದ ತುದಿಯಲ್ಲಿ. "ಅಮ್ಮ, ಯಾವ ಲೈಟು ಉರೀತಾ ಇದೆ ನೋಡು" ಅಂದ್ರೆ "ತಡಿ, ನೋಡ್ಕಂಡು ಬರ್ತೀನಿ" ಅಂತ ಮನೆಗೆ ಬರಬೇಕು, ನೋಡಬೇಕು, ಮತ್ತೆ ಕಣಕ್ಕೆ ಹೋಗಬೇಕು. "ಎರಡು ಹಸಿರು, ಒಂದು ಕೆಂಪು ಉರೀತದೆ." "ಕೆಂಪು ಯಾವುದು, ಕೆಳಗೆ ಏನು ಬರ್ದಿದೆ?" "ಅದು ಇಂಗ್ಲೀಷಲ್ಲಿ ಚಿಕ್ಕದಾಗಿ ಬರ್ದಿದೆ ಮಾರಾಯಾ, ನಂಗೆ ಕಾಣ್ಸಲ್ಲ, ಅಪ್ಪನ ಕನ್ನಡಕ ತಗಂಡು ನೋಡ್ತೀನಿ ಇರು." ಮತ್ತೊಂದು ಸುತ್ತು. ವಿಡಿಯೋ ಕಾಲ್ ಮಾಡಿ ತೋರಿಸೋಣ ಅಂದ್ರೆ ಆ ವಿಡಿಯೋ ಕಾಲಿಗೆ ಬೇಕಾದ ನೆಟ್ಟೇ ಇಲ್ಲವಲ್ಲ! ಅರವತ್ತೈದು ದಾಟಿದ ಹೆಂಗಸು ಒಂದು ಪ್ಲಾಸ್ಟಿಕ್ ಡಬ್ಬಕ್ಕಾಗಿ ಹೀಗೆ ನಾಲ್ಕು ಸಲ ಕಣ ತಿರುಗಬೇಕು. ಫೋನಿನಲ್ಲಿ ರಿಪೇರಿ ಹೇಳಿಕೊಡೋದು ಅನ್ನೋ ಪದ್ಧತಿಯೇ ನಮ್ಮ ಹಳ್ಳಿಗಳಿಗೆ ಹೊಂದಲ್ಲ. ಬೇಕಾಗಿರೋ ವಿದ್ಯೆ ಡಬ್ಬದ ಪಕ್ಕದಲ್ಲೇ, ಗೋಡೆ ಮೇಲೆ, ದಪ್ಪ ಕನ್ನಡ ಅಕ್ಷರದಲ್ಲಿ ಇರಬೇಕು.

"ಅಷ್ಟೆಲ್ಲ ಹಳ್ಳಿಯವರಿಗೆ ಎಲ್ಲಿ ಅರ್ಥ ಆಗುತ್ತೆ ಬಿಡಿ" ಅಂತ ನನ್ನ ಆಫೀಸಿನ ಗೆಳೆಯರೊಬ್ಬರು ಅಂದ್ರು. ಅವರಿಗೆ ನಾನು ಹೇಳಿದ್ದು ಪಂಪ್‌ಸೆಟ್ಟಿನ ಕಥೆ.

ತೋಟಕ್ಕೆ ನೀರು ಬರಲಿಲ್ಲ ಅಂದ್ರೆ ಅಪ್ಪ ಏನು ಮಾಡ್ತಾನೆ? ಸ್ಟಾರ್ಟರನ್ನ ಇಪ್ಪತ್ತು ಸಲ ಆಫ್ ಮಾಡಿ ಆನ್ ಮಾಡ್ತಾ ಕೂರಲ್ಲ, ಹಾಗೆ ಮಾಡಿದರೆ ಮೋಟರು ಸುಡುತ್ತೆ ಅಂತ ಗೊತ್ತು. ಮೊದಲು ಬೋರ್ಡಿನ ಮೇಲಿನ ಮೂರು ಲೈಟು ನೋಡ್ತಾನೆ. ಕೆಂಪು, ಹಳದಿ, ನೀಲಿ ಮೂರೂ ಇದೆಯಾ, ಒಂದು ಫೇಸ್ ಹೋಗಿದೆಯಾ. ಹೋಗಿದ್ದರೆ ಪಕ್ಕದ ತೋಟದವರನ್ನ ಕೂಗಿ ಕೇಳ್ತಾನೆ, "ನಿಮ್ಮಲ್ಲಿ ಇದೆಯನಾ?" ಅಲ್ಲೂ ಇಲ್ಲ ಅಂದ್ರೆ ಟೀಸಿಯ ಫ್ಯೂಸು. ಮೂರೂ ಫೇಸ್ ಇದ್ದು ಮೋಟರು ತಿರುಗ್ತಾ ಇದ್ದೂ ನೀರಿಲ್ಲ ಅಂದ್ರೆ ಫುಟ್‌ವಾಲ್ವು. ನೀರು ಎತ್ತಿದೆ ಆದರೆ ತೋಟದ ತುದಿಗೆ ಬಂದಿಲ್ಲ ಅಂದ್ರೆ ಪೈಪಿನ ಗುಂಟ ನಡ್ಕೊಂಡು ಹೋಗಿ ಎಲ್ಲಿ ಒಡೆದಿದೆ ನೋಡ್ತಾನೆ. ಇಡೀ ತೋಟಕ್ಕೆ ಬಂದು ಒಂದು ಸಾಲಿಗೆ ಮಾತ್ರ ಬಂದಿಲ್ಲ ಅಂದ್ರೆ ಆ ಸಾಲಿನ ಗೇಟ್‌ವಾಲ್ವು. ನೀರು ಎಲ್ಲಿಯವರೆಗೆ ಬಂದು ನಿಂತಿದೆ ಅನ್ನೋದೇ ಅವನ ಪ್ರಶ್ನೆ. ಶಾಲೆ ಮೆಟ್ಟಿಲು ಜಾಸ್ತಿ ಹತ್ತದ ಅಪ್ಪ ಮಾಡೋ ಈ ಕೆಲಸಕ್ಕೆ ನಮ್ಮ ಆಫೀಸಲ್ಲಿ ಟ್ರಬಲ್‌ಶೂಟಿಂಗ್ ಅಂತ ಹೆಸರಿಟ್ಟು, ಎರಡು ದಿನ ಟ್ರೈನಿಂಗ್ ಕೊಡ್ತಾರೆ.

ರೌಟರೂ ಅಷ್ಟೇ. ನೀರಿನ ಬದಲು ಬೆಳಕು.

ಮೊದಲನೇ ಲೈಟು ಪವರ್. ಅದೇ ಇಲ್ಲ ಅಂದ್ರೆ ಪ್ಲಗ್ಗು ಅಥವಾ ಅಡಾಪ್ಟರ್. ನಮ್ಮ ಕಡೆ ಡಬ್ಬಕ್ಕಿಂತ ಮೊದಲು ಸಾಯೋದು ಅಡಾಪ್ಟರೇ, ಅದರಲ್ಲೂ ಏಪ್ರಿಲ್ ಮೇ ತಿಂಗಳ ಗುಡುಗಿನ ಮಳೆಯಲ್ಲಿ. ಹಿಂದೆ ತಾಮ್ರದ ಲೈನಿನ ಬ್ರಾಡ್‌ಬ್ಯಾಂಡ್ ಇದ್ದಾಗ ಸಿಡಿಲಿನ ಹೊಡೆತ ಫೋನ್ ತಂತಿಯಲ್ಲೂ ಬಂದು ಮೋಡೆಮ್ ಸುಡ್ತಿತ್ತು. ಫೈಬರ್ ಗಾಜಿನ ಎಳೆ, ಅದರೊಳಗೆ ಕರೆಂಟು ಹರಿಯಲ್ಲ. ಹಾಗಂತ ಕರೆಂಟಿನ ಪ್ಲಗ್ಗಿನ ದಾರಿ ತೆರೆದೇ ಇರುತ್ತೆ. ಗುಡುಗು ಶುರುವಾದ ಕೂಡಲೇ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಹೊಸ ಅಡಾಪ್ಟರ್ ತರುವಾಗ ಹಳೇದರ ಮೇಲೆ ಬರೆದ ವೋಲ್ಟನ್ನೇ (ಸಾಮಾನ್ಯವಾಗಿ 12) ನೋಡಿ ತರಬೇಕು. ತೂತಿಗೆ ಕೂತಿತು ಅಂತ ಸೆಟ್‌ಟಾಪ್ ಬಾಕ್ಸಿನದ್ದೋ ಇನ್ಯಾವುದರದ್ದೋ ಹಾಕೋದಲ್ಲ.

ಇನ್ನು ಮುಖ್ಯವಾದದ್ದು, ಎಲ್‌ಓಎಸ್ ಅಂತ ಬರೆದ ಲೈಟು. ಅದು ಕೆಂಪಗೆ ಮಿಣುಕ್ತಾ ಇದ್ದರೆ ಹೊರಗಿಂದ ಬೆಳಕೇ ಬರ್ತಾ ಇಲ್ಲ ಅಂತ ಅರ್ಥ. ಫೇಸ್ ಹೋದ ಹಾಗೆ. ಆಗ ನೀವು ಡಬ್ಬವನ್ನ ಸಾವಿರ ಸಲ ಆಫ್ ಮಾಡಿ ಆನ್ ಮಾಡಿ, ಏನೂ ಆಗಲ್ಲ. ಮನೆಯೊಳಗೆ ನೋಡಬೇಕಾದ್ದು ಒಂದೇ: ಡಬ್ಬಕ್ಕೆ ಬಂದಿರುವ ಆ ಸಪೂರ ಹಳದಿ ವೈರು ಸಡಿಲ ಆಗಿದೆಯಾ, ಮೊಳೆಗೆ ಸುತ್ತಿ ಮಡಚಿಟ್ಟಿದ್ದಾರಾ, ಕಿಟಕಿ ಬಾಗಿಲ ಸಂದಿಯಲ್ಲಿ ಜಜ್ಜಿದೆಯಾ. ಗಾಜಿನ ಎಳೆಯಾದ್ದರಿಂದ ತೀರಾ ಮಡಚಿದರೆ ಬೆಳಕು ಅಲ್ಲೇ ಸೋರಿ ಹೋಗುತ್ತೆ. (ಕಿತ್ತು ಅದರ ತುದಿಯನ್ನ ಕಣ್ಣಿನ ಹತ್ತಿರ ಹಿಡಿದು ಇಣುಕಬೇಡಿ, ಮಕ್ಕಳಿಗೂ ಹೇಳಿ. ಒಳಗೆ ಬರೋದು ಕಣ್ಣಿಗೆ ಕಾಣದ ಲೇಸರ್.) ಅದು ಸರಿ ಇದ್ದರೆ ಪಕ್ಕದ ಮನೆ. ಕಂಬದ ಮೇಲಿನ ಡಬ್ಬಿಗಳಲ್ಲಿ ಒಂದೇ ಎಳೆಯ ಬೆಳಕನ್ನ 32ಕ್ಕೋ 64ಕ್ಕೋ ಹಂಚಿರ್ತಾರೆ. ಅವರಲ್ಲೂ ಹೋಗಿದ್ದರೆ ಮೂಲದಲ್ಲಿ ತೊಂದರೆ. ನಿಮ್ಮಲ್ಲಿ ಮಾತ್ರ ಅಂದ್ರೆ ಕಂಬದಿಂದ ಮನೆಗೆ ಬರುವ ದಾರಿಯಲ್ಲಿ. ಅಡಿಕೆ ಸೋಗೆ ಬಿದ್ದಿರುತ್ತೆ, ಮಂಗನ ಹಿಂಡು ಜೋಕಾಲಿ ಆಡಿರುತ್ತೆ, ಇಲ್ಲಾ ನೀರಿನ ಪೈಪಿಗೆ ಅಂತ ಬಂದ ಜೆಸಿಬಿ ಹಲ್ಲು ತಾಗಿರುತ್ತೆ.

ಇನ್ನೊಂದು ಜಾತಿ ಇದೆ, ಅದೇ ಜನರನ್ನ ಹಾದಿ ತಪ್ಪಿಸೋದು. ಬೆಳಿಗ್ಗೆ ನೆಟ್ ಬರುತ್ತೆ, ಮಳೆ ಬಂದ ಕೂಡಲೇ ಹೋಗುತ್ತೆ, ಮತ್ತೆ ಬರುತ್ತೆ. ಲೈನಿನ ಹುಡುಗರ ಹತ್ತಿರ ಬೆಳಕು ಅಳೆಯೋ ಚಿಕ್ಕ ಮೀಟರ್ ಇರುತ್ತೆ, ಡಿಬಿಎಂ ಅನ್ನೋ ಲೆಕ್ಕದಲ್ಲಿ ತೋರಿಸುತ್ತೆ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ಆರಾಮು. ಮೈನಸ್ 27ಕ್ಕಿಂತ ಕೆಳಗೆ ಹೋದರೆ ಸಾಮಾನ್ಯ ಡಬ್ಬಕ್ಕೆ ಕಣ್ಣು ಮಂಜಾಗುತ್ತೆ. ಮೂರು ಅಂಕೆ ಕೆಳಗೆ ಹೋದರೆ ಬೆಳಕು ಅರ್ಧಕ್ಕೆ ಇಳಿದಂತೆ, ಹಾಗಾಗಿ ಒಂದು ಕೆಟ್ಟ ಜಾಯಿಂಟ್ ಸಾಕು. ಇಂಥ ಅಂಚಿನಲ್ಲಿರೋ ಲೈನು ಗಾಳಿಗೆ ಕೇಬಲ್ ಅಲ್ಲಾಡಿದರೆ ಹೋಗುತ್ತೆ, ಅಲ್ಲಾಡಿ ನಿಂತರೆ ಬರುತ್ತೆ. ಆ ಹೊತ್ತಿಗೆ ಸರಿಯಾಗಿ ನೀವು ಆಫ್ ಆನ್ ಮಾಡಿದ್ದರೆ "ನೋಡು, ಆಫ್ ಆನ್ ಮಾಡಿದ್ದಕ್ಕೆ ಬಂತು" ಅಂತ ನಂಬಿಕೆ ಗಟ್ಟಿಯಾಗುತ್ತೆ. ಮಂತ್ರ ಹಾಕಿಸಿದ ಮೇಲೆ ದನ ಮೇವು ತಿಂದ ಹಾಗೆ. ತಿಂಗಳಾನುಗಟ್ಟಲೆ ಜಾಯಿಂಟು ಹಾಗೇ ಉಳಿಯುತ್ತೆ, ಕಂಪ್ಲೇಂಟು ಕೊಡೋರೇ ಇಲ್ಲ.

ಎಲ್‌ಓಎಸ್ ಆರಿದ್ದು, ಪಾನ್ ಅನ್ನೋ ಲೈಟು ಹಸಿರಾಗಿ ನಿಂತಿದ್ದು, ಇಂಟರ್ನೆಟ್ ಲೈಟು ಮಾತ್ರ ಇಲ್ಲ ಅಥವಾ ಕೆಂಪಾಗಿದೆ ಅಂದ್ರೆ ಬೆಳಕು ಮನೆವರೆಗೆ ಬಂದಿದೆ, ಲಾಗಿನ್ ಆಗ್ತಾ ಇಲ್ಲ. ದುಡ್ಡು ಕಟ್ಟಿದ್ದೀವಾ ನೋಡಿ ಮೊದಲು :-) ಕಟ್ಟಿದ್ದರೆ, ಇಲ್ಲೇ ನೋಡಿ ಆ ಗುಳಿಗೆ ಕೆಲಸ ಮಾಡೋದು. ರೌಟರ್ ಅಂದ್ರೂ ಒಂದು ಪುಟ್ಟ ಕಂಪ್ಯೂಟರ್, ದಿನಗಟ್ಟಲೆ ಓಡಿ ತಲೆ ಕೆಟ್ಟಿರುತ್ತೆ. ಇಲ್ಲಾ ಕಂಪನಿ ಕಡೆಯ ಸರ್ವರಿನಲ್ಲಿ ಹಳೇ ಲಾಗಿನ್ ಸಿಕ್ಕಿಹಾಕಿಕೊಂಡಿರುತ್ತೆ. ಒಂದು ಸಲ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಐದು ನಿಮಿಷ ಅದರ ಪಾಡಿಗೆ ಅದನ್ನ ಬಿಡಬೇಕು. ಎದ್ದು ಕೂರೋಕೆ ಅದಕ್ಕೂ ಹೊತ್ತು ಬೇಕು. ಅರ್ಧ ಎದ್ದಾಗಲೇ ಮತ್ತೆ ಆಫ್ ಮಾಡಿದರೆ ಅದು ಏಳೋದು ಯಾವಾಗ?

ಆದರೆ ಹಿಂದಿನ ಚಿಕ್ಕ ತೂತಿಗೆ ಪಿನ್ನು ಹಾಕಿ ಒತ್ತೋದು ಬೇರೆ ಕೆಲಸ. ಅದು ರಿಸೆಟ್. ಒತ್ತಿದರೆ ಲೈನಿನ ಹುಡುಗ ಹಾಕಿಟ್ಟು ಹೋದ ಯೂಸರ್‌ನೇಮು, ಪಾಸ್‌ವರ್ಡು, ಸೆಟ್ಟಿಂಗು ಎಲ್ಲ ಒರೆಸಿ ಹೋಗಬಹುದು, ಆಮೇಲೆ ಅವನೇ ಬರಬೇಕು. ರಿಸ್ಟಾರ್ಟ್, ರಿಸೆಟ್ ಎರಡಕ್ಕೂ ಫೋನಿನಲ್ಲಿ ಕೇಳೋವಾಗ ಒಂದೇ ಥರ ಸದ್ದು. ಕನ್ನಡದಲ್ಲಿ ಆರಿಸಿ ಹಚ್ಚು, ಅಳಿಸಿ ಹಾಕು ಅಂದುಬಿಟ್ಟರೆ ಈ ಗೊಂದಲವೇ ಇರಲ್ಲ.

ಇಷ್ಟು ತಿಳಿದರೆ ಏನು ಲಾಭ, ಹೇಗಿದ್ದರೂ ರಿಪೇರಿಗೆ ಲೈನಿನವರೇ ಬರಬೇಕಲ್ಲ ಅಂತ ಕೇಳಬಹುದು. ನಮ್ಮ ಕಡೆ ಒಬ್ಬ ಹುಡುಗನಿಗೆ ಎಷ್ಟೋ ಹಳ್ಳಿ. ಬೈಕಿನಲ್ಲಿ ಶಿರಾಳಕೊಪ್ಪದಿಂದ ಹೊರಟು ಒಂದು ಊರಿಗೆ ಬಂದು ನೋಡ್ತಾನೆ, ಫೈಬರ್ ತುಂಡಾಗಿದೆ, ಎರಡು ತುದಿ ಸುಟ್ಟು ಬೆಸೆಯೋ ಸ್ಪ್ಲೈಸಿಂಗ್ ಮಷೀನ್ ತಂದಿಲ್ಲ. ಅದು ದುಬಾರಿ ಮಷೀನು, ಎಲ್ಲರ ಹತ್ತಿರ ಒಂದೊಂದು ಇರಲ್ಲ. ವಾಪಸ್ ಹೋಗ್ತಾನೆ, ಮಾರನೇ ದಿನ ಮಷೀನ್ ಇನ್ನೊಂದು ಊರಲ್ಲಿ. "ನೆಟ್ ಇಲ್ಲ" ಅಂತ ಕಂಪ್ಲೇಂಟ್ ಬರೆಸಿದ್ದರ ಫಲ ಇದು. "ಎಲ್‌ಓಎಸ್ ಕೆಂಪು, ಪಕ್ಕದ ಮನೆಯಲ್ಲಿ ಸರಿ ಇದೆ, ತೋಟದ ಹತ್ತಿರ ಕೇಬಲ್ ಜೋತು ಬಿದ್ದಿದೆ" ಅಂತ ಬರೆಸಿದ್ದರೆ ಮಷೀನ್ ಹಿಡಿದೇ ಬರ್ತಾನೆ. ಲೈಟು ಓದೋಕೆ ಬಂದ ಅಮ್ಮ ಅವನ ಒಂದು ದಿನದ ಪೆಟ್ರೋಲು ಉಳಿಸಿದ ಹಾಗಾಯ್ತು, ತನ್ನ ಎರಡು ದಿನದ ಫೋನು ಉಳಿಸಿಕೊಂಡ ಹಾಗಾಯ್ತು. ಕಂಪ್ಲೇಂಟ್ ಬರೆಸಿದ ಮೇಲೆ ಡಾಕೆಟ್ ನಂಬರು ಕೇಳಿ ಬರ್ಕೊಳ್ಳೋದನ್ನ ಮರೀಬೇಡಿ. ನಂಬರಿಲ್ಲದ ಕಂಪ್ಲೇಂಟು ದಣಪೆ ಇಲ್ಲದ ತೋಟದ ಹಾಗೆ.

ಅಕ್ಕನ ಮನೆಯ ರೋಗ ಬೇರೆ ಜಾತಿ. ಶಿಕಾರಿಪುರ ಪೇಟೆಯಲ್ಲಿ ಲೈನು ಕಡಿಯೋದು ಕಮ್ಮಿ. ಅಲ್ಲಿ ಭಾವ ಟಿವಿ ಹಿಂದೆ, ಕಬ್ಬಿಣದ ಬೀರುವಿನ ಮಗ್ಗುಲಲ್ಲಿ ರೌಟರ್ ಇಡಿಸಿದ್ದಾರೆ, "ಚಂದ ಕಾಣಲ್ಲ" ಅಂತ. ಮಹಡಿ ಮೇಲೆ ಓದೋ ಮಗಳಿಗೆ ನೆಟ್ ಬರಲ್ಲ, ಕಂಪನಿಗೆ ಬೈಗುಳ. ಆರ್‌ಸಿಸಿ ಸ್ಲ್ಯಾಬು, ಕಬ್ಬಿಣ ಎರಡನ್ನೂ ದಾಟಿ ವೈಫೈ ಹೋಗಬೇಕಲ್ಲ. ಫೋನಿನ ಮೇಲೆ ಕಾಣೋ ವೈಫೈ ಕಡ್ಡಿ ರೌಟರಿಗೂ ಫೋನಿಗೂ ನಡುವಿನ ದಾರಿ ಮಾತ್ರ ಹೇಳುತ್ತೆ, ರೌಟರಿನ ಆಚೆ ನೆಟ್ ಇದೆಯಾ ಅನ್ನೋದನ್ನ ಹೇಳಲ್ಲ. ರೌಟರ್ ಪಕ್ಕ ನಿಂತು ನೋಡಿ ಜೋರಾಗಿದ್ದರೆ ಕಂಪನಿಯದ್ದು ತಪ್ಪಿಲ್ಲ. 5 ಗಿಗಾಹರ್ಟ್ಸ್ ಜೋರು, ಆದರೆ ಗೋಡೆ ಅಂದ್ರೆ ಸುಸ್ತು. 2.4 ನಿಧಾನ, ಆದರೆ ಒಂದೆರಡು ಗೋಡೆ ದಾಟುತ್ತೆ. ಅಕ್ಕಪಕ್ಕದ ಹತ್ತು ಮನೆಯ ವೈಫೈ ಗಲಾಟೆ ಇದ್ದರೆ 2.4ರಲ್ಲಿ ಚಾನೆಲ್ 1, 6, 11 ಈ ಮೂರರಲ್ಲಿ ಖಾಲಿ ಇದ್ದದ್ದಕ್ಕೆ ಬದಲಾಯಿಸೋದು. ಅಷ್ಟೇ. ಬೀರು ಬಿಟ್ಟು ಹಾಲಿನ ನಡುಗೋಡೆ ಮೇಲೆ ಎತ್ತರದಲ್ಲಿ ಇಡಿಸೋಕೆ ಭಾವನವರನ್ನ ಒಪ್ಪಿಸೋದೇ ಅದರ ಕಷ್ಟದ ಭಾಗ.

ಎರಡು ಮುಖ್ಯಮಂತ್ರಿಗಳನ್ನ ಕೊಟ್ಟ ತಾಲೂಕುಗಳು ನಮ್ಮವು, ಸೊರಬದಿಂದ ಬಂಗಾರಪ್ಪ, ಶಿಕಾರಿಪುರದಿಂದ ಯಡಿಯೂರಪ್ಪ. ಪಂಚಾಯ್ತಿಗಳಿಗೆ ಫೈಬರ್ ಎಳೆಯೋ ಕೇಂದ್ರದ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು, 2015ರಲ್ಲಿ ಭಾರತ್‌ನೆಟ್ ಅಂತ ಹೆಸರಾಯ್ತು. ಆದರೂ 2021ರಲ್ಲಿ ನಮ್ಮ ಜಿಲ್ಲೆಯ ಮಲೆನಾಡಿನ ಹಳ್ಳಿಗಳಲ್ಲಿ "ನೋ ನೆಟ್‌ವರ್ಕ್ ನೋ ವೋಟಿಂಗ್" ಅಂತ ಬೋರ್ಡು ಹಾಕಬೇಕಾಯ್ತು. ಆ ಹೋರಾಟ ಟವರಿಗಾಗಿ, ಕೇಬಲ್ಲಿಗಾಗಿ. ನ್ಯಾಯವಾದದ್ದೇ. ಕೇಬಲ್ ಬಂದ ಮೇಲೆ ಅದನ್ನ ಬದುಕಿಸಿಕೊಳ್ಳೋ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ. ಡಬ್ಬ ಕೊಡೋ ಕಂಪನಿಗಳು ಅದರ ಜೊತೆ ಒಂದು ಕನ್ನಡದ ಸ್ಟಿಕ್ಕರ್ ಕೊಡಬೇಕು ಅನ್ನೋದು ದೊಡ್ಡ ಬೇಡಿಕೆ ಏನಲ್ಲ. ಗೊಬ್ಬರದ ಚೀಲದ ಮೇಲೆ ಕನ್ನಡ ಇದೆ, ತಿಂಗಳಾ ತಿಂಗಳಾ ದುಡ್ಡು ಕಟ್ಟಿಸಿಕೊಳ್ಳೋ ಡಬ್ಬದ ಮೇಲೆ ಯಾಕಿಲ್ಲ?

ಅವರು ಕೊಡೋವರೆಗೆ ಕಾಯೋದು ಬೇಡ ಅಂತ ನನ್ನ ಅಭಿಪ್ರಾಯ. ನೆನಪಿದೆಯಾ, ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕನ್ನಡ ಅಕ್ಷರ ಚೌಕ ಚೌಕವಾಗಿ ಕಾಣ್ತಿತ್ತು, ಒತ್ತಕ್ಷರ ಒಡೆದು ಹೋಗ್ತಿತ್ತು. ಆಗ ಯಾವ ಕಂಪನಿಯೂ ಬಂದು ಹೇಳಿಕೊಡಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಅಲ್ಲಿ ಟಿಕ್ ಹಾಕಿ, ಸಿಡಿ ಹಾಕಿ, ತುಂಗಾ ಫಾಂಟ್ ಬರುತ್ತೆ ಅಂತ ಬ್ಲಾಗಿನ ಮೂಲೆಯಲ್ಲಿ ಬರೆದಿಟ್ಟವರು ನಾವೇ. ಬರಹ ಇಳಿಸಿಕೊಳ್ಳೋದು ಹೇಗೆ, ನುಡಿಯಿಂದ ಯೂನಿಕೋಡಿಗೆ ಬದಲಾಯಿಸೋದು ಹೇಗೆ, ಎಲ್ಲ ಒಬ್ಬರಿಂದ ಒಬ್ಬರಿಗೆ. ಕವಿತೆ ಬರೆಯೋರೂ ಅದನ್ನ ಬರೀತಿದ್ರು. ಈಗ ನಮಗೆಲ್ಲ ಸುಲಭ ಆಯ್ತು, ನಿಲ್ಲಿಸಿಬಿಟ್ವಿ.

ಹೋದ ಸಲ ಊರಿಗೆ ಹೋದಾಗ ನಾನು ಎರಡು ಕೆಲಸ ಮಾಡಿ ಬಂದೆ. ಡಬ್ಬಕ್ಕೆ 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಕ್ಕಿಸಿದೆ. ಕರೆಂಟು ಹೋದರೂ ಒಂದೆರಡು ಗಂಟೆ ಅಮ್ಮನ ಫೋನ್ ಬದುಕಿರುತ್ತೆ. (ಕಂಬದ ಮೇಲಿನ ಹಂಚುವ ಡಬ್ಬಿಗೆ ಕರೆಂಟು ಬೇಡ. ಬೆಳಕು ಹೊರಡೋ ಆ ಕಡೆಯ ಮಷೀನಿಗೆ ಬೇಕು. ಅಲ್ಲಿನ ಬ್ಯಾಟರಿ ಮುಗಿದರೆ ನಮ್ಮ ಯುಪಿಎಸ್ ಏನೂ ಮಾಡಲಾರದು.) ಇನ್ನೊಂದು, ಲೈಟುಗಳ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ 1, 2, 3, 4 ಅಂತ ಬರೆದೆ, ಕ್ಯಾಲೆಂಡರಿನ ಹಿಂದಿನ ಖಾಲಿ ಹಾಳೆಯಲ್ಲಿ ಮಾರ್ಕರಿನಿಂದ ಹೀಗೆ ಬರೆದು ಗೋಡೆಗೆ ಅಂಟಿಸಿದೆ:

"1 ಉರೀತಿಲ್ಲ – ಪ್ಲಗ್ಗು ನೋಡು. 3 ಕೆಂಪಗೆ ಮಿಣುಕ್ತಿದೆ – ಹಳದಿ ವೈರು ಒತ್ತಿ ನೋಡು, ಪಕ್ಕದ ಮನೆಯಲ್ಲಿ ಕೇಳು, ಆಫ್ ಆನ್ ಮಾಡಬೇಡ, ಲೈನಿನ ಹುಡುಗನಿಗೆ 'ಎಲ್‌ಓಎಸ್ ಕೆಂಪು' ಅಂತ ಹೇಳು. 2 ಹಸಿರು ಇದೆ, 4 ಇಲ್ಲ – ದುಡ್ಡು ಕಟ್ಟಿದೆಯಾ ಕೇಳು, ಒಂದೇ ಸಲ ಆರಿಸಿ ಹಚ್ಚು, ಐದು ನಿಮಿಷ ಮುಟ್ಟಬೇಡ. ಎಲ್ಲ ಸರಿ ಇದೆ, ಆದರೂ ಇಲ್ಲ – ಅಪ್ಪನ ಫೋನಲ್ಲಿ ನೋಡು, ಅದರಲ್ಲಿ ಬಂದರೆ ನಿನ್ನ ಫೋನು ಆರಿಸಿ ಹಚ್ಚು. ಹಿಂದಿನ ತೂತಿಗೆ ಪಿನ್ನು ಹಾಕಬೇಡ. ಗುಡುಗಿದರೆ ಪ್ಲಗ್ ಕೀಳು."

ಮೊನ್ನೆ ಮಳೆಯಲ್ಲಿ ಮತ್ತೆ ಹೋಯ್ತಂತೆ. ಅಮ್ಮ ಕಣಕ್ಕೆ ಒಂದೇ ಸಲ ಹೋಗಿದ್ದು, ಅದೂ ನನಗಲ್ಲ, ನೇರ ಲೈನಿನ ಹುಡುಗನಿಗೆ ಫೋನ್ ಮಾಡೋಕೆ. ಅವನು ಸಂಜೆ ಮಷೀನ್ ತಗಂಡೇ ಬಂದನಂತೆ. "ಕಾಫಿ ಕುಡ್ಸಿ ಕಳ್ಸಿದೆ" ಅಂದ್ಲು.

ಇದರಲ್ಲಿರೋ ಲೈಟಿನ ಹೆಸರುಗಳು ಅಮ್ಮನ ಮನೆಯ ಡಬ್ಬದ್ದು. ಬೇರೆ ಡಬ್ಬಗಳಲ್ಲಿ ಬೇರೆ ಥರ ಬರೆದಿರುತ್ತೆ, ಕೆಲವದರಲ್ಲಿ ಲೈಟೇ ಒಂದೋ ಎರಡೋ. ನಿಮ್ಮ ಊರಿನ ಮನೆಯಲ್ಲಿ ಯಾವ ಡಬ್ಬ ಇದೆ, ಯಾವ ಲೈಟು ಯಾವಾಗ ಹೇಗೆ ಉರಿಯುತ್ತೆ ಅಂತ ಕೆಳಗೆ ಬರೆದು ತಿಳಿಸಿ, ಇಲ್ಲಾ ನಿಮ್ಮ ಬ್ಲಾಗಿನಲ್ಲೇ ಬರೆದು ಕೊಂಡಿ ಕೊಡಿ. ಪ್ರಿಂಟ್ ಹಾಕಿಕೊಳ್ಳೋಕೆ ಆಗೋ ಹಾಗೆ ದಪ್ಪ ಅಕ್ಷರದಲ್ಲಿ ಒಂದು ಪುಟ ಮಾಡಿ ಇಲ್ಲೇ ಹಾಕ್ತೀನಿ.